ಸ್ವಪ್ನಾಳ ಹುಟ್ಟುಗೂದಲು

ರಾಯದುರ್ಗ
12 ಜೂನ್ 2023

ವಿಶಾಲಮ್ಮನವರಿಗೆ ದುರ್ಗಾಳ ನಮಸ್ಕಾರ.

ನನ್ನ ಮುಖ ನೀವು ನೋಡಿಲ್ಲ. ನಿಮ್ಮ ಮೊಮ್ಮಗಳು ಸ್ವಪ್ನಾ ಈಗ ನಮ್ಮ ಮನೆಯಲ್ಲಿದ್ದಾಳೆ. ಬಂದು ಒಂಬತ್ತು ದಿನವಾಯಿತು. ನಿಮಗೆ ಕಿವಿ ಮಂದ, ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಆದರೆ ಕನ್ನಡ ಓದಲು ಬರೆಯಲು ಬರುತ್ತದೆ ಎಂದು ಮಕ್ಕಳ ಆಫೀಸಿನ ಹೇಮಾ ಅವರು ಹೇಳಿದರು. ‘ಕಾಗದ ಬರೀರಿ, ನಾನು ಮುಟ್ಟಸ್ತೀನಿ’ ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಗಂಡ ಓಬುಲೇಶ್ ಜೀನ್ಸ್ ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುತ್ತಾರೆ. ನಾನು ಮನೆಯಲ್ಲೇ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತೇನೆ. ಅತ್ತೆ ಸುಂಕಮ್ಮ ನಮ್ಮ ಜೊತೆಗಿದ್ದಾರೆ. ಮದುವೆಯಾಗಿ ಹದಿಮೂರು ವರ್ಷ, ಮಕ್ಕಳಾಗಲಿಲ್ಲ. ಹೆತ್ತವರು ನೋಡಿಕೊಳ್ಳಲಾಗದ ಮಕ್ಕಳನ್ನು ಬೇರೆ ಮನೆಯಲ್ಲಿ ಸಾಕಲು ಕೊಡುತ್ತಾರೆಂದು ತಿಳಿದು ಅರ್ಜಿ ಹಾಕಿದೆವು. ಆರು ತಿಂಗಳು ನಮ್ಮನ್ನು ಶೋಧಿಸಿದರು. ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಿದರು, ಡಾಕ್ಟರ ಹತ್ತಿರ ಕಳಿಸಿದರು, ಅಕ್ಕಪಕ್ಕದವರನ್ನು ವಿಚಾರಿಸಿದರು. ಪಕ್ಕದ ಮನೆಯ ಮೈಲಾರಮ್ಮನಿಗೂ ನನಗೂ ನಲ್ಲಿ ನೀರಿನ ಜಗಳವಿದೆ. ಆದರೂ ಅವಳು ಒಳ್ಳೆಯದನ್ನೇ ಹೇಳಿದಳಂತೆ.

ಮಗುವನ್ನು ಕೈಗೆ ಕೊಡುವಾಗ ಹೇಮಾ ಅವರು, ‘ಮಗಳಂಗ ನೋಡ್ಕೊಳ್ರಿ, ಆದ್ರ ಮಗಳು ಅನ್ಕೋಬ್ಯಾಡ್ರಿ. ದತ್ತು ಬ್ಯಾರೆ, ಇದು ಬ್ಯಾರೆ. ಅಜ್ಜಿ ಎದ್ದು ಓಡಾಡೋ ಹಂಗಾದ್ರ ವಾಪಸ್ ಕೊಡಬೇಕು’ ಅಂದರು. ಹೌದ್ರಿ ಅಂದೆವು. ಮಕ್ಕಳ ಕಲ್ಯಾಣ ಕಮಿಟಿಯ ಆದೇಶ ಎರಡು ವರ್ಷಕ್ಕಿದೆ. ತಿಂಗಳಿಗೊಮ್ಮೆ ಹೇಮಾ ಅವರು ಬಂದು ನೋಡಿ ಹೋಗುತ್ತಾರೆ.

ಇವಳು ರೊಟ್ಟಿ ಮುಟ್ಟುವುದಿಲ್ಲ. ಅನ್ನವನ್ನು ಎರಡು ತುತ್ತಿಗೇ ಬಿಡುತ್ತಾಳೆ. ಕೂದಲು ಸೊಂಟದವರೆಗೆ ಇದೆ, ಎಲ್ಲ ಗಂಟು, ಹೇನೂ ಆಗಿವೆ. ಬಾಚಣಿಗೆ ಕಂಡರೆ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಏನು ಮಾಡಲಿ, ತಿಳಿಸಿ.

ಇತಿ,
ದುರ್ಗಾ

ಗುಡಿಬಂಡೆ
1 ಜುಲೈ 2023

ದುರ್ಗಮ್ಮ ತಾಯಿಗೆ ವಿಶಾಲಮ್ಮನ ಆಶೀರ್ವಾದ.

ನಿನ್ನ ಕಾಗದ ಓದಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು. ನಾನು ಓದಿದವಳಲ್ಲ. ಹದಿನೇಳು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿದವಳು. ಒಲೆಯ ಹಿಂದೆ ಗೋಡೆ, ಗೋಡೆಯ ಆಚೆ ಒಂದನೇ ಕ್ಲಾಸು. ಅಲ್ಲಿ ಮಕ್ಕಳು ಕೂಗುತ್ತಿದ್ದ ಅಕ್ಷರಗಳನ್ನು ನಾನು ಇಲ್ಲಿ ಬೂದಿಯಲ್ಲಿ ಬರೆಯುತ್ತಿದ್ದೆ. ಮಕ್ಕಳು ಎರಡನೇ ಕ್ಲಾಸಿಗೆ ಹೋದರು, ನಾನು ಅಲ್ಲೇ ಉಳಿದೆ. ಹಾಗಾಗಿ ತಪ್ಪಿದ್ದರೆ ಬೈಯಬೇಡ.

ಮಾರ್ಚಿನಲ್ಲಿ ಅದೇ ಒಲೆಯ ಮುಂದೆ ಗಂಜಿ ಚೆಲ್ಲಿ ಜಾರಿ ಬಿದ್ದೆ. ಸೊಂಟದ ಮೂಳೆ ಮುರಿಯಿತು. ಈಗ ತಮ್ಮ ಆಂಜನಪ್ಪನ ಮನೆಯ ಪಡಸಾಲೆಯಲ್ಲಿ ಮಂಚ ಹಿಡಿದಿದ್ದೇನೆ. ಅವನು, ‘ಅಕ್ಕಾ, ನಿನ್ನ ಎತ್ತಿ ಕೂರ್ಸೋಕೇ ಇಬ್ರು ಬೇಕು. ಆ ಮಗೀನ ಯಾರು ನೋಡ್ಕೋತಾರೆ ಹೇಳು’ ಅಂದ. ಕೆಟ್ಟವನಲ್ಲ, ನಿಜ ಹೇಳಿದ. ಸ್ವಪ್ನಾಳ ತಾಯಿ, ನನ್ನ ಮಗಳು ಶಿರಿಷಾ, ಎರಡು ವರ್ಷದ ಹಿಂದೆ ಡೆಂಗಿ ಜ್ವರದಲ್ಲಿ ಹೋದಳು. ಅಳಿಯ ಇನ್ನೊಂದು ಮದುವೆ ಮಾಡಿಕೊಂಡು ಎಲ್ಲಿಗೋ ಹೋದ. ಉಳಿದವಳು ನಾನೊಬ್ಬಳೇ, ನಾನೂ ಬಿದ್ದೆ. ಇಷ್ಟೇ ನಮ್ಮ ಕಥೆ.

ಅವಳು ರಾಗಿಮುದ್ದೆ ತಿನ್ನುವವಳು. ಸಣ್ಣ ಮುದ್ದೆ ಮಾಡಿ ಎರಡು ಕಡಲೆ ಒತ್ತಿ ಕಣ್ಣು ಮಾಡು. ‘ನೋಡು, ನಿನ್ನೇ ನೋಡ್ತೈತೆ, ಓಡೋಗೋದ್ರೊಳ್ಗೆ ತಿಂದ್ಬಿಡು’ ಅನ್ನು. ತಿನ್ನುತ್ತಾಳೆ. ನಾನು ಎಷ್ಟೋ ಮಕ್ಕಳಿಗೆ ಹೀಗೆ ತಿನ್ನಿಸಿದ್ದೇನೆ.

ಕೂದಲಿಗೆ ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚು. ತುದಿಯಿಂದ ಬಿಡಿಸುತ್ತಾ ಮೇಲಕ್ಕೆ ಬಾ, ಮೇಲಿಂದ ಎಳೆಯಬೇಡ. ಶಿರಿಷಾ ಹಾಗೇ ಮಾಡುತ್ತಿದ್ದಳು. ಆ ಕೂದಲ ಮೇಲೆ ಅವಳಿಗೆ ಬಹಳ ಆಸೆಯಿತ್ತು.

ಡಾಕ್ಟರು ಯುಗಾದಿ ಹೊತ್ತಿಗೆ ನಡೆಯುತ್ತೀಯ ಅಂದಿದ್ದಾರೆ. ನಡೆದೇ ಬಂದು ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ನಿನ್ನ ಮಡಿಲಿಗೆ.

ವಿಶಾಲಮ್ಮ

ರಾಯದುರ್ಗ
27 ಆಗಸ್ಟ್ 2023

ಅಮ್ಮನವರಿಗೆ ನಮಸ್ಕಾರ.

ಬರೆಯುವುದು ತಡವಾಯಿತು. ಶೆಡ್ಡಿನಿಂದ ರಾಶಿ ಕೆಲಸ ಬಂದಿತ್ತು. ಮುದ್ದೆಯ ಕಣ್ಣು ಕೆಲಸ ಮಾಡಿತು. ಈಗ ಮೊದಲು ಕಣ್ಣು ಕಿತ್ತು ತಿಂದು, ‘ಈಗ ಅದಕ್ಕ ಕಾಣಲ್ಲ’ ಅನ್ನುತ್ತಾಳೆ. ನಮ್ಮ ಕಡೆ ಮಾತು ಹತ್ತುತ್ತಿದೆ. ಅಂಗನವಾಡಿಗೆ ಹೋಗುತ್ತಾಳೆ. ಹೋದ ತಿಂಗಳು ಹೇಮಾ ಅವರು ತೂಕ ನೋಡಿದಾಗ ಒಂದೂವರೆ ಕೇಜಿ ಹೆಚ್ಚಾಗಿತ್ತು.

ಒಂದು ಸಂತೋಷದ ವಿಷಯ. ಅಧಿಕಮಾಸ ಕಳೆದು ಶ್ರಾವಣ ಬಂತಲ್ಲ, ಹೋದ ಮಂಗಳವಾರ ಬೆಳುಗುಪ್ಪ ಕಡೆಗೆ ಹೋಗಿದ್ದೆವು. ಅಲ್ಲಿ ನಮ್ಮ ಮನೆದೇವತೆ ಸುಂಕಲಮ್ಮನ ಗುಡಿ ಇದೆ. ಎಣ್ಣೆ ಹಚ್ಚಿದರೂ ಗಂಟು ಬಿಡಲಿಲ್ಲ, ಹೇನು ಹೋಗಲಿಲ್ಲ. ಅತ್ತೆಯವರು, ಕೂಸಿಗೆ ಮುಡಿ ತೆಗೆಸೋಣ, ತಲೆಯೂ ಹಗುರಾಗುತ್ತದೆ, ದೇವರಿಗೂ ಸಲ್ಲುತ್ತದೆ ಅಂದರು. ನನ್ನ ತಮ್ಮ ಭರತ್ ಸೋದರಮಾವನಾಗಿ ತೊಡೆಯ ಮೇಲೆ ಕೂರಿಸಿಕೊಂಡ. ಮೊದಲು ಅತ್ತಳು. ಆಮೇಲೆ ತಲೆ ಮುಟ್ಟಿ ನೋಡಿಕೊಂಡು ನಕ್ಕಳು. ಭರತ್ ಹಸಿರು ಲಂಗ ಕೊಡಿಸಿದ.

ಫೋಟೋ ಹಾಕಿದ್ದೇನೆ. ನೋಡಿ, ಗುಂಡು ತಲೆಯಲ್ಲೂ ಎಷ್ಟು ಲಕ್ಷಣವಾಗಿದ್ದಾಳೆ.

ನಿಮ್ಮ,
ದುರ್ಗಾ

ಗುಡಿಬಂಡೆ
14 ಸೆಪ್ಟೆಂಬರ್ 2023

ದುರ್ಗಾ ಅವರಿಗೆ,

ಕಾಗದ, ಫೋಟೋ ತಲುಪಿದವು.

ಅದು ಹುಟ್ಟುಗೂದಲು. ಶಿರಿಷಾಳಿಗೆ ಮೊದಲಿನ ಎರಡು ಉಳಿಯಲಿಲ್ಲ. ಮೂರನೆಯದು ಉಳಿದರೆ ಐದು ವರ್ಷ ತುಂಬಿದಾಗ ಮುಡಿ ಕೊಡುತ್ತೇನೆಂದು ನಮ್ಮ ಮನೆದೇವರು ಕದಿರಿ ಸ್ವಾಮಿಗೆ ಹೇಳಿಕೊಂಡಿದ್ದಳು. ಅವಳು ಸಾಯುವಾಗ ನನ್ನ ಕೈಗೆ ಕೊಟ್ಟದ್ದು ಮಗುವೊಂದು, ಆ ಮಾತೊಂದು. ಶಿರಿಷಾಳಿಗೆ ಅಣ್ಣತಮ್ಮಂದಿರಿಲ್ಲ. ನನ್ನ ತಮ್ಮ ಆಂಜನಪ್ಪ ಆ ಜಾಗದಲ್ಲಿ ಕೂರಬೇಕಿತ್ತು. ಫೋಟೋ ನೋಡಿ ಅವನು, ‘ಯಾರಕ್ಕಾ ಇವ್ನು, ನನ್ ಜಾಗ್ದಾಗೆ ಕುಂತವ್ನೆ’ ಅಂದ.

ಮಗುವಿನ ಮೊದಲ ಕೂದಲು ಯಾವ ಮನೆಯ ದೇವರಿಗೆ ಹೋಗುತ್ತದೋ ಮಗು ಆ ಮನೆಯದು. ನಿಮ್ಮ ಕಡೆ ಇದು ಬೇರೆ ಇರಬಹುದೆಂದು ನಾನು ನಂಬುವುದಿಲ್ಲ. ನೀವು ಅವಳಿಗೆ ದೇವರನ್ನು ಕೊಟ್ಟಿರಿ, ಮಾವನನ್ನೂ ಕೊಟ್ಟಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಕಮಿಟಿಯವರಿಗೆ ನಾನೇ ಬರೆದಿದ್ದೇನೆ.

ವಿಶಾಲಮ್ಮ

ರಾಯದುರ್ಗ
6 ಅಕ್ಟೋಬರ್ 2023

ವಿಶಾಲಮ್ಮನವರಿಗೆ,

ನಿಮ್ಮ ಕಾಗದ ಬಂದ ಮೇಲೆ ಎರಡು ಸಲ ಬರೆದು ಹರಿದೆ. ಈಗ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಬುಧವಾರ ಹೇಮಾ ಅವರ ಜೊತೆ ಇನ್ನಿಬ್ಬರು ಬಂದರು. ನಿಮ್ಮ ಅರ್ಜಿ ಅವರ ಕೈಯಲ್ಲಿತ್ತು. ಅತ್ತೆ ಬಾಗಿಲಲ್ಲೇ ನಿಂತು, ‘ದೇವರ ಮುಂದ ಮುಡಿ ತಗಸಿದ್ದು ತಪ್ಪೇನ್ರಿ? ಕಳವು ಮಾಡೀವೇನು?’ ಅಂದರು. ಅವರಲ್ಲಿ ಹಿರಿಯರೊಬ್ಬರು, ‘ಅಮ್ಮಾ, ಮುಡಿ ತಗಸಿದ್ದಕ್ಕ ಬಂದಿಲ್ಲ. ಕೇಳದಂಗ ತಗಸಿದ್ದಕ್ಕ ಬಂದೀವಿ. ಕೂಸು ನಿಮ್ಮದಲ್ಲ, ನಿಮ್ಮ ಹತ್ರ ಐತಿ, ಅಷ್ಟ’ ಅಂದರು. ನನ್ನ ಗಂಡ ತಲೆಯೆತ್ತಲಿಲ್ಲ. ಆ ಹಿರಿಯರು ನನ್ನನ್ನು ಕೇಳಿದರು, ಅಜ್ಜಿಯನ್ನಾಗಲಿ ಆಫೀಸನ್ನಾಗಲಿ ಕೇಳಿದಿರಾ ಎಂದು. ಇಲ್ರಿ ಅಂದೆ.

ವಿಚಾರಣೆ ಮುಗಿಯುವವರೆಗೆ ಮಗು ಸರ್ಕಾರದ ಬಾಲಸದನದಲ್ಲಿರಬೇಕು ಎಂದು ಆದೇಶ ಓದಿದರು. ನಾನು ಬಟ್ಟೆ ಮಡಿಸಿಕೊಟ್ಟೆ. ಜೀಪು ನೋಡಿದ ಸ್ವಪ್ನಾ, ‘ಅಜ್ಜಿ ಊರಿಗಾ?’ ಅಂದಳು. ನಾನು ಬಟ್ಟೆಯ ಗಂಟನ್ನು ಜೀಪಿನೊಳಗೆ ಇಟ್ಟೆ. ಹೌದು ಎಂದುಕೊಂಡಳು. ಅತ್ತೆಗೆ, ‘ಅಜ್ಜೀಗೆ ಹೇಳ್ತೀನಿ, ನೀವೂ ಬರ್ರಿ’ ಅಂದಳು. ಯಾರೂ ಎತ್ತಿ ಕೂರಿಸಬೇಕಾಗಲಿಲ್ಲ, ತಾನೇ ಹತ್ತಿ ಕೂತಳು.

ಅವಳು ಅತ್ತಿದ್ದರೆ ಚೆನ್ನಾಗಿತ್ತು.

ದುರ್ಗಾ

ಗುಡಿಬಂಡೆ
9 ನವೆಂಬರ್ 2023

ದುರ್ಗಾ,

ನನಗೆ ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ನಿಮ್ಮನ್ನು ಕರೆದು ಬೈಯಲಿ ಎಂದು ಬರೆದೆ. ಅದಕ್ಕಿಂತ ಹೆಚ್ಚು ಬಯಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಲ್ಲಿಂದ ತೆಗೆದರೆ ನನ್ನ ಹತ್ತಿರ ತರುತ್ತಾರೆ, ತಂದ ಮೇಲೆ ಆಂಜನಪ್ಪ ಹೊರಗೆ ಹಾಕುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಬಾಲಸದನ ಎಂಬುದೊಂದು ನಡುವೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಹೇಮಾ ಬಂದು ಆದೇಶ ಓದಿ ಹೇಳಿದಾಗ ಕಿವಿ ಮಂದವೆಂದು ಎರಡು ಸಲ ಓದಿಸಿದೆ. ಎರಡು ಸಲವೂ ಅದೇ ಇತ್ತು.

ಆಂಜನಪ್ಪ, ‘ಅಕ್ಷರ ಕಲ್ತಿದ್ದು ಸಾರ್ಥಕ ಆತು ಬಿಡಕ್ಕಾ’ ಅಂದ. ಇವತ್ತಿಗೂ ಊಟದ ತಟ್ಟೆ ಇಡುವಾಗ ಒಂದು ಸಲ ಅಂದೇ ಅನ್ನುತ್ತಾನೆ.

ದೂರು ವಾಪಸ್ಸು ತೆಗೆದುಕೊಳ್ಳುತ್ತೇನೆಂದು ಬರೆದು ಕಳಿಸಿದೆ. ಒಮ್ಮೆ ದೂರು ಕೊಟ್ಟ ಮೇಲೆ ವಿಚಾರಣೆ ನಡೆಯಲೇಬೇಕಂತೆ. ಅನಂತಪುರ ಜಿಲ್ಲೆ ಒಡೆದು ಎರಡಾದ ಮೇಲೆ ನಾನು ಒಂದು ಜಿಲ್ಲೆ, ನೀನು ಇನ್ನೊಂದು. ಫೈಲು ಅಲ್ಲಿಂದ ಇಲ್ಲಿಗೆ ಬರಬೇಕು, ಇಲ್ಲಿಂದ ಅಲ್ಲಿಗೆ ಹೋಗಬೇಕು. ನನ್ನ ಹಾಗೇ ಅದಕ್ಕೂ ಕಾಲಿಲ್ಲ.

ದಿನಾ ಗೋಡೆ ಹಿಡಿದು ಎದ್ದು ನಿಲ್ಲುತ್ತೇನೆ. ನಿಲ್ಲುತ್ತೇನೆ, ಅಷ್ಟೇ.

ಅವಳನ್ನು ನೋಡಿದೆಯಾ?

ವಿಶಾಲಮ್ಮ

ರಾಯದುರ್ಗ
18 ಡಿಸೆಂಬರ್ 2023

ವಿಶಾಲಮ್ಮನವರಿಗೆ ನಮಸ್ಕಾರ.

ನೋಡಲಿಲ್ಲ. ವಿಚಾರಣೆ ನಡೆಯುವಾಗ ನಾವು ಹೋಗುವಂತಿಲ್ಲ. ಹೇಮಾ ಅವರು ಹೋಗಿ ಬಂದು, ಊಟ ಮಾಡುತ್ತಾಳೆ, ಸುಮ್ಮನಿದ್ದಾಳೆ ಅಂದರು. ಸುಮ್ಮನೆ ಅಂದರೆ ಹೇಗೆ ಎಂದು ಕೇಳಿದೆ. ಅವರು ಬ್ಯಾಗಿನಲ್ಲಿ ಏನನ್ನೋ ಹುಡುಕಿದರು.

ಹೋದ ವಾರ ಅನಂತಪುರದಲ್ಲಿ ನಮ್ಮಂತೆ ಮಕ್ಕಳನ್ನು ಸಾಕುವವರ ಸಭೆ ಇತ್ತು. ಮೂರು ತಿಂಗಳಿಗೊಮ್ಮೆ ಕರೆಯುತ್ತಾರೆ. ಮಗು ಹಟ ಮಾಡಿದರೆ ಏನು ಮಾಡಬೇಕು, ಹೆತ್ತವರ ಬಗ್ಗೆ ಹೇಗೆ ಮಾತಾಡಬೇಕು, ಹಿಂದಕ್ಕೆ ಕಳಿಸುವ ದಿನಕ್ಕೆ ಮನಸ್ಸನ್ನು ಹೇಗೆ ಸಿದ್ಧ ಮಾಡಿಕೊಳ್ಳಬೇಕು, ಇವನ್ನೆಲ್ಲ ಹೇಳಿಕೊಡುತ್ತಾರೆ. ಐದು ಮನೆಯವರು ಮಕ್ಕಳೊಂದಿಗೆ ಬಂದಿದ್ದರು. ನಾನು ಒಬ್ಬಳೇ ಹೋಗಿದ್ದೆ. ಬೊಮ್ಮನಹಾಳ್ ಕಡೆಯ ಪಂಪಮ್ಮ ಎಂಬುವರು ತಮ್ಮ ಬಳಿ ಇದ್ದ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ‘ಸ್ವಲ್ಪ ಹಿಡ್ಕೊಳ್ರಿ’ ಎಂದು ಊಟಕ್ಕೆ ಹೋದರು. ಬೇಕೆಂದೇ ಹಾಗೆ ಮಾಡಿದರು ಅನ್ನಿಸಿತು.

ಸಭೆಯ ಆಪ್ತಸಲಹೆಗಾರ್ತಿ ನನ್ನನ್ನು ಪಕ್ಕಕ್ಕೆ ಕರೆದು, ಮುಡಿ ತೆಗೆಸುವ ಮುಂಚೆ ಅಜ್ಜಿಯನ್ನು ಕೇಳಬೇಕು ಅಂತ ಹೊಳೆಯಲಿಲ್ಲವಾ ಎಂದರು. ಹೊಳೆಯಲಿಲ್ಲ ಅಂದೆ.

ಅಮ್ಮಾ, ಅದು ಸುಳ್ಳು. ಕಮಿಟಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ನಾಲ್ಕು ವರ್ಷದ ಮಗುವಿಗೆ ಸೊಂಟದುದ್ದ ಕೂದಲಿದ್ದರೆ ಅದು ಹರಕೆಯದು ಎಂದು ಯಾವ ಹೆಂಗಸಿಗೆ ಗೊತ್ತಾಗುವುದಿಲ್ಲ? ಅತ್ತೆಯವರು ಮೊದಲ ದಿನವೇ ಹೇಳಿದ್ದರು. ಆ ಕೂದಲ ಮೇಲೆ ಶಿರಿಷಾಳಿಗೆ ಬಹಳ ಆಸೆಯಿತ್ತು ಎಂದು ನೀವು ಬರೆದದ್ದನ್ನು ಓದಿ ನಾನು ಕಾಗದವನ್ನು ಹೊಲಿಗೆ ಮಷಿನ್ನಿನ ಡ್ರಾಯರಿನೊಳಗೆ ಹಾಕಿ ಮುಚ್ಚಿಟ್ಟೆ. ಗಂಡ ಕೇಳಿದಾಗ, ಅಜ್ಜಿ ಎಣ್ಣೆ ಹಚ್ಚಲು ಹೇಳಿದ್ದಾರೆ ಎಂದಷ್ಟೇ ಹೇಳಿದೆ. ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ. ಬೇಡ ಅನ್ನುತ್ತೀರಿ ಎಂದೇ ಕೇಳಲಿಲ್ಲ. ಯುಗಾದಿಗೆ ನಡೆದು ಬರುತ್ತೇನೆ ಅಂದಿರಲ್ಲ, ಆ ಸಾಲು ಓದಿದಾಗಿನಿಂದ ನನ್ನ ಮನಸ್ಸು ಕೆಟ್ಟಿತ್ತು.

ಈ ಕಾಗದವನ್ನು ಕಮಿಟಿಗೆ ತೋರಿಸಿ. ನನ್ನ ಕೈಯಿಂದ ಆಗುತ್ತಿಲ್ಲ.

ದುರ್ಗಾ

ಗುಡಿಬಂಡೆ
2 ಫೆಬ್ರವರಿ 2024

ದುರ್ಗಮ್ಮ,

ನನ್ನ ಸವಾರಿ ಹೋಗಿಬಂದ ಕಥೆ ಹೇಳುತ್ತೇನೆ, ಕೇಳು.

ಕಮಿಟಿಯವರು ಅನಂತಪುರಕ್ಕೆ ಕರೆದರು. ಆಂಜನಪ್ಪನೂ ಪಕ್ಕದ ಮನೆಯ ದೊಡ್ಡತಿಮ್ಮಪ್ಪನೂ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಆಟೋಕ್ಕೆ ಹಾಕಿದರು. ಮಡಕಶಿರಾದಲ್ಲಿ ಕುರ್ಚಿ ಸಮೇತ ಬಸ್ಸು ಹತ್ತಿಸಿದರು. ಕಂಡಕ್ಟರ್ ಕುರ್ಚಿಗೂ ಟಿಕೆಟ್ ತಗೋಬೇಕು ಅಂದ. ದೊಡ್ಡತಿಮ್ಮಪ್ಪ, ‘ಕುರ್ಚಿಗೆ ತಗೋತೀವಿ, ಅಜ್ಜೀನ ಫ್ರೀ ಬಿಡಪ್ಪ’ ಅಂದ. ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಎಲ್ಲಿಗೆ ಹೋಗುತ್ತಿದ್ದೇನೆಂಬುದು ನೆನಪಾಯಿತು.

ಅಲ್ಲಿ ಐದು ಜನ ಮೇಜಿನ ಆಚೆ ಕೂತಿದ್ದರು. ಮಗುವನ್ನು ತರಿಸಿರಲಿಲ್ಲ. ನಡುವಿನವರು ತೆಲುಗಿನಲ್ಲಿ, ‘ಪಾಪನಿ ಮೀರು ಚೂಸ್ಕೋಗಲರಾ ಅಮ್ಮಾ?’ ಅಂದರು, ಮಗುವನ್ನು ನೋಡಿಕೊಳ್ಳಬಲ್ಲೆಯಾ ಎಂದು. ನಾನು ಎದ್ದು ತೋರಿಸೋಣವೆಂದು ಮೇಜು ಹಿಡಿದು ಎದ್ದೆ. ಒಂದು ಹೆಜ್ಜೆ ಇಟ್ಟೆ. ಎರಡನೆಯದಕ್ಕೆ ಕಾಲು ಬರಲಿಲ್ಲ. ಆಂಜನಪ್ಪ ಹಿಂದಿನಿಂದ ಕುರ್ಚಿ ತಳ್ಳದಿದ್ದರೆ ಅಲ್ಲೇ ಬೀಳುತ್ತಿದ್ದೆ. ನಾನು ನಡೆಯುವುದಿಲ್ಲ, ದುರ್ಗಮ್ಮ. ಡಾಕ್ಟರು ಯುಗಾದಿ ಅಂದದ್ದು ಮುದುಕಿಗೆ ಸಮಾಧಾನವಾಗಲಿ ಎಂದು. ಅವತ್ತು ಐದು ಜನರ ಮುಂದೆ ಅದು ನನಗೆ ತಿಳಿಯಿತು.

‘ನನ್ನ ಕೈಲಿ ಆಗಾಕಿಲ್ಲ ಸಾಮಿ. ಆ ರಾಯದುರ್ಗದ ಹೆಂಗ್ಸಿಗೇ ಕೊಡ್ರಿ’ ಅಂದೆ. ದೂರು ಕೊಟ್ಟವಳು ನೀನೇ ಅಲ್ಲವಾ ಎಂದರು. ‘ಕೊಟ್ಟವಳೂ ನಾನೇ, ಕೇಳ್ತಾ ಇರೋಳೂ ನಾನೇ’ ಅಂದೆ. ಕಾಗದದ ಮೇಲೆ ಬರೆಸಿಕೊಂಡು ರುಜು ಹಾಕಿಸಿಕೊಂಡರು. ವಾಪಸ್ಸು ಬರುವಾಗ ಆಂಜನಪ್ಪ ಏನೂ ಅನ್ನಲಿಲ್ಲ. ಅಂದಿದ್ದರೆ ದಾರಿ ಸಾಗುತ್ತಿತ್ತು.

ನಿನ್ನ ಡಿಸೆಂಬರ್ ಕಾಗದ ನನ್ನ ರವಿಕೆಯಲ್ಲೇ ಇತ್ತು. ತೋರಿಸಲಿಲ್ಲ. ತೋರಿಸಿದ್ದರೆ ಮಗು ನಿನಗೂ ಇಲ್ಲ, ನನಗೂ ಇಲ್ಲ, ನಾವಿಬ್ಬರೂ ಕಾಣದ ಇನ್ನೊಂದು ಮನೆಗೆ. ನಿನ್ನ ಮೇಲಿನ ಸಿಟ್ಟು ಹೋಯಿತು ಎಂದು ಮಾತ್ರ ತಿಳಿಯಬೇಡ. ಅವಳಿಗೊಂದು ಮನೆ ಬೇಕು, ನನಗೆ ಗೊತ್ತಿರುವುದು ನಿನ್ನದೊಂದೇ.

ಅವಳು ಬಂದ ಮೇಲೆ ಬರೆ. ಇದ್ದದ್ದನ್ನು ಇದ್ದಹಾಗೆ ಬರೆ. ನನಗೆ ಸಮಾಧಾನ ಮಾಡುವ ಡಾಕ್ಟರು ಒಬ್ಬರು ಸಾಕು.

ವಿಶಾಲಮ್ಮ

ರಾಯದುರ್ಗ
20 ಮಾರ್ಚ್ 2024

ಅಮ್ಮನವರಿಗೆ ದುರ್ಗಾಳ ನಮಸ್ಕಾರ.

ಸ್ವಪ್ನಾ ಬಂದು ಹನ್ನೊಂದು ದಿನವಾಯಿತು. ಆದೇಶ ಹೊಸದಾಗಿ ಬರೆದಿದ್ದಾರೆ. ಹೇಮಾ ಅವರು ತಿಂಗಳಿಗೆ ಎರಡು ಸಲ ಬರುತ್ತಾರೆ, ಆಪ್ತಸಲಹೆಗಾರ್ತಿ ಒಂದು ಶನಿವಾರ ಬಿಟ್ಟು ಒಂದು ಶನಿವಾರ. ಯಾವ ಶಾಸ್ತ್ರವನ್ನೂ ಕೇಳದೆ ಮಾಡುವಂತಿಲ್ಲ. ಅತ್ತೆಯವರೂ ಹೆಬ್ಬೆಟ್ಟು ಒತ್ತಿದ್ದಾರೆ.

ಇದ್ದಹಾಗೆ ಬರೆ ಅಂದಿದ್ದೀರಿ. ಆರೋಗ್ಯವಾಗಿದ್ದಾಳೆ. ಬೆಳಿಗ್ಗೆ ಐದೂವರೆಗೆ ಯಾರೂ ಎಬ್ಬಿಸದೆ ಏಳುತ್ತಾಳೆ. ಹೊದಿಕೆಯನ್ನು ನಾಲ್ಕು ಮೂಲೆ ಸರಿಮಾಡಿ ಮಡಿಸುತ್ತಾಳೆ. ಊಟಕ್ಕೆ ತಟ್ಟೆ ಹಿಡಿದು ಗೋಡೆಗೆ ಒತ್ತಿ ನಿಲ್ಲುತ್ತಾಳೆ, ಕೂತ್ಕೋ ಅಂದರೆ ಕೂರುತ್ತಾಳೆ. ಏನು ಹಾಕಿದರೂ ತಿನ್ನುತ್ತಾಳೆ, ರೊಟ್ಟಿಯನ್ನೂ. ಬಿಡುವುದಿಲ್ಲ, ಇನ್ನಷ್ಟು ಬೇಕು ಅನ್ನುವುದೂ ಇಲ್ಲ. ತಟ್ಟೆ ತಾನೇ ತೊಳೆಯುತ್ತಾಳೆ. ಅತ್ತೆ ಮೊದಲ ದಿನ, ‘ಕೂಸು ಎಷ್ಟು ಶಾಣ್ಯಾ ಆಗೇತಿ ನೋಡು’ ಅಂದರು. ನಾಲ್ಕನೇ ದಿನ ಹಿತ್ತಲಿಗೆ ಹೋಗಿ ಕೂತು ಅತ್ತರು. ಮೈಲಾರಮ್ಮ ಮಾತಾಡಿಸಲು ಬಂದರೆ ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳಿದಳು. ಆಗ ಸಂಜೆಯಾಗಿತ್ತು.

ನನ್ನನ್ನು ಮೇಡಂ ಅನ್ನುತ್ತಾಳೆ. ನನ್ನ ಗಂಡ ಒಂದು ಸಲ, ‘ಮೇಡಂ ಅನ್ನಬ್ಯಾಡವ್ವ’ ಅಂದರು. ಮೆತ್ತಗೇ ಅಂದರು. ಅವಳು ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು, ‘ಸಾರಿ ಸಾರ್’ ಅಂದಳು. ಅವತ್ತಿನಿಂದ ನಾವು ತಿದ್ದುತ್ತಿಲ್ಲ. ಆಪ್ತಸಲಹೆಗಾರ್ತಿಯೂ ತಿದ್ದಬೇಡಿ, ಕರೆದಾಗ ಓಗೊಡಿ, ದಿನ ಹಿಡಿಯುತ್ತದೆ ಅಂದಿದ್ದಾರೆ. ಎಷ್ಟು ದಿನ ಎಂದು ಅವರೂ ಹೇಳಲಿಲ್ಲ.

ನಿಮ್ಮ ಬಗ್ಗೆ ನಾನೇ ಮಾತು ತೆಗೆದೆ. ಅಜ್ಜಿಗೆ ಕಾಲು ನೋವು, ಬಸ್ಸಿನಲ್ಲಿ ನಿನ್ನನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂದೆ. ಹೇಮಾ ಅವರು ಒಪ್ಪಿಗೆ ಬರೆಸಿಕೊಡುತ್ತಾರಂತೆ. ‘ಸರಿ ಮೇಡಂ’ ಅಂದಳು. ಯಾವಾಗ ಎಂದು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ನಾನು ಜೇಬು ಹೊಲಿಯುತ್ತಿದ್ದೆ. ಬಂದು ಮಷಿನ್ನಿನ ಪಕ್ಕದಲ್ಲಿ ನಿಂತಳು. ನಾನು ಕಾಲು ನಿಲ್ಲಿಸುವವರೆಗೆ ಕಾದು, ‘ಮೇಡಂ, ಇಲ್ಲಿ ನಾನು ಎಷ್ಟು ದಿನ?’ ಅಂದಳು. ಯಾವಾಗಲೂ ಎಂದು ಹೇಳಲು ಬಾಯಿಗೆ ಬಂತು. ಇನ್ನು ಅವಳಿಗೆ ಸುಳ್ಳು ಹೇಳಬಾರದೆಂದುಕೊಂಡಿದ್ದೇನೆ. ‘ಗೊತ್ತಿಲ್ಲವ್ವ, ಆದ್ರ ನಾನಂತೂ ಕಳಸಲ್ಲ’ ಅಂದೆ. ಅವಳು ತಲೆಯಾಡಿಸಿದಳು. ಆಮೇಲೆ ಬಾಗಿಲ ಹತ್ತಿರ ಹೋಗಿ ಬಿದ್ದಿದ್ದ ಚಪ್ಪಲಿಗಳನ್ನು ಗೋಡೆಗುಂಟ ಸಾಲಾಗಿ ಜೋಡಿಸಿದಳು. ನನ್ನವು, ಅವರವು, ಅತ್ತೆಯವು. ತನ್ನವನ್ನು ಮಾತ್ರ ಸಾಲಿಗೆ ಇಡಲಿಲ್ಲ. ಅವು ಅವಳ ಕಾಲಲ್ಲೇ ಇದ್ದವು.

ಇತಿ,
ದುರ್ಗಾ